ಪರಿಷ್ಕೃತ ಮಧ್ಯಮಶ್ರೇಣಿಯ ಗ್ರಾಫಿಕ್ಸ್ ಕಾರ್ಡು: ನಾಮಕರಣವೂ ಮೌಲ್ಯವೂ

ಗಣಕದ ಪರದೆಯ ಮೇಲೆ ಮೂಡತಕ್ಕ ಚಿತ್ರವನ್ನು ಗಣಿತಕ್ರಮದಿಂದ ರಚಿಸುವುದಕ್ಕೆಂದೇ ಮೀಸಲಾದ ಪ್ರೊಸೆಸರನ್ನೂ, ಅದಕ್ಕೆ ಪ್ರತ್ಯೇಕವಾದ ಮೆಮೊರಿಯನ್ನೂ, ವಿದ್ಯುತ್ತನ್ನು ಹದಗೊಳಿಸಿ ಒದಗಿಸುವ ಮಂಡಲವನ್ನೂ, ಉಷ್ಣವನ್ನು ಹೊರದೂಡುವ ಫ್ಯಾನುಗಳನ್ನೂ ಒಂದೇ ಫಲಕದಲ್ಲಿ ಅಡಕಗೊಳಿಸಿ, ಮದರ್‌ಬೋರ್ಡಿಗೆ ಜೋಡಿಸಲು ಅನುವಾಗುವಂತೆ ನಿರ್ಮಿಸಿದ ಉಪಕರಣಕ್ಕೆ ಗ್ರಾಫಿಕ್ಸ್ ಕಾರ್ಡು ಎಂದು ಹೆಸರು. ಗಣಕದ ಆಟಗಳು, ಚಲನಚಿತ್ರದ ಸಂಕಲನ, ಕಟ್ಟಡದ ನಕ್ಷೆ, ತ್ರಿವಿಮಾಚಿತ್ರಣ, ಈಚೆಗೆ ಕೃತಕ ಬುದ್ಧಿಮತ್ತೆಯ ಗಣನೆ ಇವೆಲ್ಲವೂ ಈ ಉಪಕರಣವನ್ನು ಆಶ್ರಯಿಸಿವೆ. ಇದರ ಚಿಪ್‌ಗಳನ್ನು ವಿನ್ಯಾಸಗೊಳಿಸುವ ಸಂಸ್ಥೆಗಳಲ್ಲಿ 1993ರಲ್ಲಿ ಸ್ಥಾಪಿತವಾದ ಎನ್ವಿಡಿಯ, 2006ರಲ್ಲಿ ಕೆನಡದ ಎಟಿಐ ಸಂಸ್ಥೆಯನ್ನು ಕೊಂಡು ಈ ಕ್ಷೇತ್ರವನ್ನು ಪ್ರವೇಶಿಸಿದ ಎಎಂಡಿ, ಮತ್ತು ಇಂಟೆಲ್ ಪ್ರಮುಖವಾದವು. ಆ ಚಿಪ್‌ಗಳನ್ನು ಪಡೆದು ಕಾರ್ಡಿನ ರೂಪಕ್ಕೆ ತಂದು ಮಾರುವವು ಬಹುಮಟ್ಟಿಗೆ ಏಸಸ್, ಎಂಎಸ್ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್ ಮೊದಲಾದ ಸಹವರ್ತಿ ಸಂಸ್ಥೆಗಳು.

ಕಳೆದ ದಶಕದ ಅಮೆರಿಕನ್ ಘೋಷಿತ ಬೆಲೆಗಳನ್ನು ಪ್ರಮಾಣವಾಗಿಟ್ಟುಕೊಂಡರೆ ಸುಮಾರು 200ರಿಂದ 600 ಡಾಲರಿನವರೆಗಿನ ಕಾರ್ಡುಗಳನ್ನು ಮಧ್ಯಮಶ್ರೇಣಿಯವೆಂದು ಪರಿಗಣಿಸಬಹುದು. ಒಂದು ಪೀಳಿಗೆಯ ಚಿಪ್‌ಗಳು ಮಾರುಕಟ್ಟೆಗೆ ಬಂದು ವರ್ಷವೊಂದು ಸರಿಯುವಷ್ಟರಲ್ಲಿ, ಮುಂದಿನ ಪೀಳಿಗೆ ಇನ್ನೂ ಸಿದ್ಧವಾಗಿಲ್ಲದಿರುವಾಗ, ಅದೇ ಚಿಪ್ಪಿನ ಗಣನಘಟಕಗಳನ್ನೋ ಮೆಮೊರಿಯನ್ನೋ ವೇಗವನ್ನೋ ಅಲ್ಪಸ್ವಲ್ಪ ಮಾರ್ಪಡಿಸಿ, ಹೆಸರಿಗೊಂದು ಪ್ರತ್ಯಯವನ್ನು ಸೇರಿಸಿಯೋ ಸಂಖ್ಯೆಯನ್ನು ಹೆಚ್ಚಿಸಿಯೋ ಹೊರತರುವ ಕಾರ್ಡು ಪರಿಷ್ಕೃತವೆನಿಸಿಕೊಳ್ಳುತ್ತದೆ. ಇಂತಹ ಪರಿಷ್ಕರಣವು ಮೇಲುನೋಟಕ್ಕೆ ತಂತ್ರಶಾಸ್ತ್ರದ ಕಾರ್ಯವೆಂದು ಕಂಡರೂ ಅದರ ಹೃದಯದಲ್ಲಿರುವುದು ಬೆಲೆಯ ನಿರ್ಣಯ: ಘೋಷಿಸಿದ ಬೆಲೆಯನ್ನು ಇಳಿಸಿದೆವೆಂದು ಒಪ್ಪಿಕೊಳ್ಳದೆಯೇ ಅದೇ ಬೆಲೆಗೆ ಹೆಚ್ಚಿನ ಸತ್ತ್ವವನ್ನು ಕೊಡುವುದಕ್ಕೂ, ಕೆಲವೊಮ್ಮೆ ಸತ್ತ್ವವನ್ನು ಹೆಚ್ಚಿಸದೆಯೇ ಬೆಲೆಯನ್ನು ಕಾಪಾಡಿಕೊಳ್ಳುವುದಕ್ಕೂ ಇದು ಸಾಧನವಾಗುತ್ತದೆ.

ರಚನೆ

ಕಾರ್ಡಿನ ಸಾಮರ್ಥ್ಯವನ್ನು ನಿರ್ಣಯಿಸುವ ಅಂಶಗಳು ಮುಖ್ಯವಾಗಿ ನಾಲ್ಕು: ಚಿಪ್ಪಿನಲ್ಲಿ ಕಾರ್ಯನಿರತವಾದ ಗಣನಘಟಕಗಳ, ಅಂದರೆ ಕೋರುಗಳ, ಸಂಖ್ಯೆ, ಅವು ನಡೆಯುವ ವೇಗ, ಮೆಮೊರಿಯ ಪ್ರಮಾಣ, ಮತ್ತು ಆ ಮೆಮೊರಿಯಿಂದ ಚಿಪ್ಪಿಗೆ ಒಂದು ಸೆಕೆಂಡಿನಲ್ಲಿ ಹರಿಯಬಲ್ಲ ದತ್ತಾಂಶದ ಮೊತ್ತ. ಮೆಮೊರಿಯ ಹಾದಿ ಎಷ್ಟು ಬಿಟ್ ಅಗಲವಿದೆಯೋ ಅದನ್ನು ಪ್ರತಿಯೊಂದು ತಂತುವಿನ ವೇಗದಿಂದ ಗುಣಿಸಿ 8ರಿಂದ ಭಾಗಿಸಿದರೆ ಈ ಕೊನೆಯ ಪ್ರಮಾಣ ದೊರೆಯುತ್ತದೆ. 192 ಬಿಟ್ ಅಗಲದ ಹಾದಿಯಲ್ಲಿ 8 ಗಿಗಾಬಿಟ್ ವೇಗದ ಜಿಡಿಡಿಆರ್5 ಮೆಮೊರಿಯಿದ್ದರೆ ಸೆಕೆಂಡಿಗೆ 192 ಗಿಗಾಬೈಟ್ ಹರಿಯುವುದು. ಅದೇ ಹಾದಿಯಲ್ಲಿ 14 ಗಿಗಾಬಿಟ್ ವೇಗದ ಜಿಡಿಡಿಆರ್6 ಮೆಮೊರಿಯನ್ನಿಟ್ಟರೆ 336 ಗಿಗಾಬೈಟ್ ಹರಿಯುವುದು. ಚಿಪ್ಪನ್ನು ಕಿಂಚಿತ್ತೂ ಮುಟ್ಟದೆ ಮೆಮೊರಿಯನ್ನು ಮಾತ್ರ ಬದಲಿಸಿ ಕಾರ್ಡನ್ನು ಚುರುಕುಗೊಳಿಸುವುದು ಸಾಧ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಪರಿಷ್ಕರಣದ ಕಾರಣಗಳು

ಮೊದಲನೆಯ ಕಾರಣವು ಚಿಪ್ಪಿನ ನಿರ್ಮಾಣದಲ್ಲಿಯೇ ಅಡಗಿದೆ. ಸಿಲಿಕಾನಿನ ಒಂದೇ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಮೂಡಿಸುವಾಗ ಎಲ್ಲವೂ ನಿರ್ದುಷ್ಟವಾಗಿ ಬರುವುದಿಲ್ಲವಾದುದರಿಂದ, ದೋಷವುಳ್ಳ ಭಾಗಗಳನ್ನು ನಿಷ್ಕ್ರಿಯಗೊಳಿಸಿ ಉಳಿದುದನ್ನು ಕೆಳಗಿನ ದರ್ಜೆಯ ಹೆಸರಿನಲ್ಲಿ ಮಾರುವುದು ವಾಡಿಕೆ. ಎನ್ವಿಡಿಯದ ಟಿಯು106 ಎಂಬ ಚಿಪ್ಪಿನಲ್ಲಿ ತಲಾ 64 ಕೋರುಗಳ 36 ಗುಚ್ಛಗಳುಂಟು. 36ನ್ನೂ ತೆರೆದಾಗ 2304 ಕೋರುಗಳ ಆರ್‌ಟಿಎಕ್ಸ್ 2070 ಆಯಿತು. 30 ಗುಚ್ಛಗಳನ್ನಷ್ಟೇ ತೆರೆದು 1920 ಕೋರುಗಳ ಆರ್‌ಟಿಎಕ್ಸ್ 2060 ಎಂಬುದನ್ನು 2019ರ ಜನವರಿಯಲ್ಲಿ 349 ಡಾಲರಿಗೆ ಹೊರತಂದರು. ಅದೇ ವರ್ಷದ ಜುಲೈಯಲ್ಲಿ 34 ಗುಚ್ಛಗಳನ್ನು ತೆರೆದು, ಮೆಮೊರಿಯನ್ನು 6ರಿಂದ 8 ಗಿಗಾಬೈಟಿಗೂ ಅದರ ಹಾದಿಯನ್ನು 192ರಿಂದ 256 ಬಿಟ್‌ಗೂ ಏರಿಸಿ, 2176 ಕೋರುಗಳ ಆರ್‌ಟಿಎಕ್ಸ್ 2060 ಸೂಪರ್ ಎಂಬುದನ್ನು 399 ಡಾಲರಿಗೆ ಮಾರಿದರು. ಮೂರು ಹೆಸರುಗಳ ಹಿಂದೆ ಇದ್ದುದು ಒಂದೇ ಚಿಪ್ಪು.

ಎರಡನೆಯ ಕಾರಣವು ಪ್ರತಿಸ್ಪರ್ಧೆ. 2019ರ ಜುಲೈ 7ರಂದು ಎಎಂಡಿಯ ಆರ್‌ಎಕ್ಸ್ 5700 ಮತ್ತು 5700 ಎಕ್ಸ್‌ಟಿ ಕಾರ್ಡುಗಳು ಬಿಡುಗಡೆಯಾಗಬೇಕಾಗಿದ್ದುವು. ಎನ್ವಿಡಿಯ ತನ್ನ ಸೂಪರ್ ಸರಣಿಯನ್ನು ಪ್ರಕಟಿಸಿದುದು ಅದಕ್ಕೆ ಕೆಲವೇ ದಿನಗಳ ಮುನ್ನ. ಅದನ್ನು ಕಂಡ ಎಎಂಡಿ, ಬಿಡುಗಡೆಗೆ ಮೊದಲೇ, 5700ರ ಬೆಲೆಯನ್ನು 379ರಿಂದ 349 ಡಾಲರಿಗೂ 5700 ಎಕ್ಸ್‌ಟಿಯ ಬೆಲೆಯನ್ನು 449ರಿಂದ 399 ಡಾಲರಿಗೂ ಇಳಿಸಿತು. 2020ರ ಜನವರಿಯಲ್ಲಿ ಆರ್‌ಎಕ್ಸ್ 5600 ಎಕ್ಸ್‌ಟಿ ಬರುವ ವೇಳೆಗೆ ಎನ್ವಿಡಿಯ ಆರ್‌ಟಿಎಕ್ಸ್ 2060ರ ಬೆಲೆಯನ್ನು 299 ಡಾಲರಿಗೆ ತಂದಿತು; ಎಎಂಡಿ ಪ್ರತ್ಯುತ್ತರವಾಗಿ, ತಯಾರಾಗಿ ಪೆಟ್ಟಿಗೆ ಸೇರಿದ್ದ ಕಾರ್ಡುಗಳಿಗೂ ಅನ್ವಯಿಸುವಂತೆ ಬಯಾಸ್ ತಂತ್ರಾಂಶವನ್ನು ಬದಲಿಸಿ ಮೆಮೊರಿಯ ವೇಗವನ್ನು 12ರಿಂದ 14 ಗಿಗಾಬಿಟ್‌ಗೆ ಏರಿಸಲು ಅನುವುಮಾಡಿತು. ಹೀಗೆ ಮಾರಾಟಕ್ಕೆ ಬರುವ ಮೊದಲೇ ಪರಿಷ್ಕೃತವಾದ ಕಾರ್ಡೂ ಇತಿಹಾಸದಲ್ಲುಂಟು.

ಇವುಗಳ ಜೊತೆಗೆ ಮೆಮೊರಿಯ ಬೆಲೆಯ ಏರಿಳಿತ, ದಾಸ್ತಾನು ಉಳಿದ ಹಳೆಯ ಚಿಪ್‌ಗಳನ್ನು ಖರ್ಚುಮಾಡುವ ಅಗತ್ಯ, ನಿರ್ಮಾಣವಿಧಾನವು ಸೂಕ್ಷ್ಮತರವಾದಾಗ ದೊರೆಯುವ ಉಳಿತಾಯ ಇವೂ ಕಾರಣಗಳಾಗುತ್ತವೆ.

ನಾಮಕರಣ

ಕನ್ನಡದ ವೈಯಾಕರಣರು ನಾಮಪದಗಳನ್ನು ರೂಢ, ಅಂಕಿತ, ಅನ್ವರ್ಥ ಎಂದು ವಿಭಾಗಿಸುವುದುಂಟು. ಗ್ರಾಫಿಕ್ಸ್ ಕಾರ್ಡಿನ ಹೆಸರು, ಅಂಕೆಗಳಿಂದ ಕೂಡಿರುವುದರಿಂದ, ಗುಣವನ್ನು ಅರಿತು ಇಟ್ಟ ಅನ್ವರ್ಥನಾಮದಂತೆ ತೋರುತ್ತದೆ. ವಸ್ತುತಃ ಅದು ತಯಾರಕನು ತನ್ನ ಇಚ್ಛೆಯಂತೆ ಇಟ್ಟ ಅಂಕಿತನಾಮ. ಆರ್‌ಟಿಎಕ್ಸ್ 4070 ಎಂಬಲ್ಲಿ ಮೊದಲ ಎರಡು ಅಂಕೆಗಳು ಪೀಳಿಗೆಯನ್ನೂ, ಕಡೆಯ ಎರಡು ಅಂಕೆಗಳು ಆ ಪೀಳಿಗೆಯೊಳಗಿನ ಸ್ಥಾನವನ್ನೂ ಸೂಚಿಸುತ್ತವೆ. ಸ್ಥಾನವೆಂಬುದು ಸಾಪೇಕ್ಷವಾದುದು, 70 ಎಂಬ ಅಂಕೆ 60ಕ್ಕಿಂತ ಮೇಲೆಂಬುದನ್ನು ತಿಳಿಸುವುದೇ ಹೊರತು ಎಷ್ಟು ಮೇಲೆಂಬುದನ್ನಾಗಲಿ, ಹಿಂದಿನ ಪೀಳಿಗೆಯ 70ಕ್ಕೆ ಅದು ಯಾವ ಸಂಬಂಧದಲ್ಲಿದೆಯೆಂಬುದನ್ನಾಗಲಿ ತಿಳಿಸುವುದಿಲ್ಲ.

ಪ್ರತ್ಯಯಗಳ ಚರಿತ್ರೆಯಂತೂ ಇನ್ನೂ ವಿಚಿತ್ರವಾದುದು. 2001ರಲ್ಲಿ ಬಳಕೆಗೆ ಬಂದ ಟಿಐ ಎಂಬುದು ಬಹುಮಟ್ಟಿಗೆ ಮೂಲ ಕಾರ್ಡಿಗಿಂತ ಮೇಲಿನದನ್ನು ಸೂಚಿಸುತ್ತ ಬಂದಿದೆ. 2019ರಲ್ಲಿ ಸೂಪರ್ ಎಂಬುದು ಸೇರಿಕೊಂಡು, ಕೆಲವೆಡೆ ಟಿಐಯ ಕೆಳಗೂ ಕೆಲವೆಡೆ ಟಿಐಯ ಜೊತೆಗೂ ನಿಂತು, 2024ರಲ್ಲಿ ಆರ್‌ಟಿಎಕ್ಸ್ 4070 ಟಿಐ ಸೂಪರ್ ಎಂಬ ಸಮಾಸಕ್ಕೆ ಎಡೆಮಾಡಿತು. ಎಕ್ಸ್‌ಟಿ ಎಂಬ ಪ್ರತ್ಯಯವು 2003ರ ಸುಮಾರಿಗೆ ಎಟಿಐಯ ರೇಡಿಯಾನ್ 9800 ಎಕ್ಸ್‌ಟಿಯಲ್ಲಿ ಉತ್ಕೃಷ್ಟತೆಯನ್ನೂ, ಅದೇ ಕಾಲದ ಎನ್ವಿಡಿಯದ ಜೀಫೋರ್ಸ್ ಎಫ್‌ಎಕ್ಸ್ 5600 ಎಕ್ಸ್‌ಟಿಯಲ್ಲಿ ನ್ಯೂನತೆಯನ್ನೂ ಸೂಚಿಸುತ್ತಿತ್ತು. ಒಂದೇ ಅಕ್ಷರಯುಗ್ಮವು ಒಂದೇ ಅಂಗಡಿಯ ಎರಡು ಕಪಾಟುಗಳಲ್ಲಿ ವಿರುದ್ಧಾರ್ಥವನ್ನು ಹೊಂದಿದ್ದಿತು.

ನಾಮಕರಣದ ದೋಷಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಒಂದೇ ವಸ್ತುವಿಗೆ ಅನೇಕ ಹೆಸರುಗಳನ್ನು ಕೊಡುವುದು ಮೊದಲನೆಯದು. 2007ರ ಅಕ್ಟೋಬರಿನಲ್ಲಿ ಜೀಫೋರ್ಸ್ 8800 ಜಿಟಿಯಾಗಿ ಅವತರಿಸಿ ಸುಲಭ ಬೆಲೆಗೆ ಹೆಚ್ಚು ಸಾಮರ್ಥ್ಯವನ್ನು ಕೊಟ್ಟುದಕ್ಕಾಗಿ ಬಹುಕಾಲ ಪ್ರಶಂಸೆ ಪಡೆದ ಜಿ92 ಚಿಪ್ಪು, 2008ರಲ್ಲಿ 9800 ಜಿಟಿಎಕ್ಸ್ ಎನಿಸಿಕೊಂಡು, ಬಳಿಕ 65ರಿಂದ 55 ನ್ಯಾನೊಮೀಟರಿಗೆ ಕುಗ್ಗಿ 9800 ಜಿಟಿಎಕ್ಸ್ ಪ್ಲಸ್ ಆಗಿ, 2009ರ ಮಾರ್ಚಿನಲ್ಲಿ ಜಿಟಿಎಸ್ 250 ಎಂಬ ಹೊಸ ಪೀಳಿಗೆಯ ಹೆಸರನ್ನು ಧರಿಸಿತು. ಎಎಂಡಿಯ ಪದ್ಧತಿಯೂ ಇದಕ್ಕಿಂತ ಭಿನ್ನವಲ್ಲ. ರೇಡಿಯಾನ್ ಎಚ್‌ಡಿ 7970ರ ಚಿಪ್ಪು 2013ರಲ್ಲಿ ಆರ್9 280ಎಕ್ಸ್ ಆಗಿಯೂ, 2016ರ ಆರ್‌ಎಕ್ಸ್ 480ರ ವಿನ್ಯಾಸವು 2017ರಲ್ಲಿ ಆರ್‌ಎಕ್ಸ್ 580 ಆಗಿಯೂ 2018ರಲ್ಲಿ ಆರ್‌ಎಕ್ಸ್ 590 ಆಗಿಯೂ ಮರುಹುಟ್ಟು ಪಡೆದುವು.

ಭಿನ್ನ ವಸ್ತುಗಳಿಗೆ ಒಂದೇ ಹೆಸರನ್ನು ಕೊಡುವುದು ಎರಡನೆಯ ವರ್ಗ. ಗ್ರಾಹಕನಿಗೆ ಇದೇ ಹೆಚ್ಚು ಅಪಾಯಕರ. 2016ರ ಜಿಟಿಎಕ್ಸ್ 1060 ಕಾರ್ಡು 6 ಗಿಗಾಬೈಟ್ ಮತ್ತು 3 ಗಿಗಾಬೈಟ್ ಎಂಬ ಎರಡು ರೂಪಗಳಲ್ಲಿ ದೊರೆಯುತ್ತಿತ್ತು. ಹೆಸರನ್ನು ನೋಡಿದವನು ವ್ಯತ್ಯಾಸವು ಮೆಮೊರಿಗೆ ಮಾತ್ರ ಸೀಮಿತವೆಂದು ಭಾವಿಸುವುದು ಸಹಜವೇ ಆದರೂ, ಮೊದಲನೆಯದರಲ್ಲಿ 1280 ಕೋರುಗಳೂ ಎರಡನೆಯದರಲ್ಲಿ 1152 ಕೋರುಗಳೂ ಇದ್ದುವು. 2018ರಲ್ಲಿ ಚೀನದ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 580 ಕಾರ್ಡಿನ ಒಂದು ಪ್ರಭೇದದಲ್ಲಿ 2304ರ ಬದಲು 2048 ಗಣನಘಟಕಗಳಿದ್ದುವು. 2022ರ ಕಡೆಯಲ್ಲಿ ಬಂದ 8 ಗಿಗಾಬೈಟಿನ ಆರ್‌ಟಿಎಕ್ಸ್ 3060, ಅದೇ ಹೆಸರಿನ 12 ಗಿಗಾಬೈಟಿನ ಕಾರ್ಡಿಗೆ ಹೋಲಿಸಿದರೆ ಮೆಮೊರಿಯ ಹಾದಿಯನ್ನು 192ರಿಂದ 128 ಬಿಟ್‌ಗೆ ಕಿರಿದುಗೊಳಿಸಿಕೊಂಡು, ಸೆಕೆಂಡಿಗೆ 360ರ ಬದಲು 240 ಗಿಗಾಬೈಟನ್ನಷ್ಟೇ ಸಾಗಿಸುತ್ತಿತ್ತು.

ಈ ಪದ್ಧತಿಯು ಮಿತಿಮೀರಿದಾಗ ಜನರ ಆಕ್ಷೇಪಕ್ಕೆ ತಯಾರಕನೂ ಮಣಿದುದಕ್ಕೆ ನಿದರ್ಶನವು 2022ರಲ್ಲಿ ದೊರೆಯಿತು. ಆ ವರ್ಷದ ಸೆಪ್ಟೆಂಬರ್ 20ರಂದು ಎನ್ವಿಡಿಯ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಲ್ಲಿ 16 ಗಿಗಾಬೈಟಿನ, 9728 ಕೋರುಗಳ ಕಾರ್ಡನ್ನೂ, 12 ಗಿಗಾಬೈಟಿನ, 7680 ಕೋರುಗಳ ಬೇರೊಂದು ಚಿಪ್ಪಿನ ಕಾರ್ಡನ್ನೂ ಘೋಷಿಸಿತು. ಖಂಡನೆಯು ಪ್ರಬಲವಾಗಲು ಅಕ್ಟೋಬರ್ 14ರಂದು ಎರಡನೆಯದನ್ನು ಹಿಂತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ ಕಾರ್ಡು ಆರ್‌ಟಿಎಕ್ಸ್ 4070 ಟಿಐ ಎಂಬ ಹೆಸರಿನಲ್ಲಿ, 899 ಡಾಲರಿಗೆ ಬದಲಾಗಿ 799 ಡಾಲರಿಗೆ ಬಂದಿತು. ಕೋರೊಂದೂ ಬದಲಾಗದೆ ಹೆಸರು ಮಾತ್ರ ಬದಲಾದಾಗ ಬೆಲೆಯು 100 ಡಾಲರಿನಷ್ಟು ಇಳಿದ ಈ ಪ್ರಸಂಗವು, ಕಾರ್ಡಿನ ಹೆಸರೂ ಬೆಲೆಯ ಒಂದು ಅಂಗವೇ ಎಂಬುದನ್ನು ಸ್ಫುಟಗೊಳಿಸುತ್ತದೆ.

ಮೌಲ್ಯನಿರ್ಣಯ

ಕೊಡಗಿನ ಕಾಫಿ ವ್ಯಾಪಾರದಲ್ಲಿ ರೋಬಸ್ಟಾ ಚೆರಿಯೆಂಬ ಹೆಸರೊಂದನ್ನೇ ಕೇಳಿ ಯಾರೂ ಬೆಲೆ ಕಟ್ಟುವುದಿಲ್ಲ. 50 ಕಿಲೋ ಚೀಲದ ಚೆರಿಯನ್ನು ಸುಲಿದರೆ ಎಷ್ಟು ಕಿಲೋ ಶುದ್ಧ ಬೀಜ ದೊರೆಯುವುದೆಂಬ ಔಟ್‌ಟರ್ನನ್ನು ನೋಡಿ ಆ ಲೆಕ್ಕದ ಮೇಲೆ ದರವನ್ನು ಗೊತ್ತುಮಾಡುತ್ತಾರೆ. ಪರಿಷ್ಕೃತ ಕಾರ್ಡಿನ ಮೌಲ್ಯವನ್ನು ಅಳೆಯಬೇಕಾದುದೂ ಇದೇ ನ್ಯಾಯದಿಂದ: ತೆತ್ತ ರೂಪಾಯಿಗೆ ಎಷ್ಟು ಕೋರು, ಎಷ್ಟು ಮೆಮೊರಿ, ಸೆಕೆಂಡಿಗೆ ಎಷ್ಟು ಚಿತ್ರಗಳು ದೊರೆತುವೆಂದು ಕೇಳಿ, ಹೆಸರನ್ನು ಬದಿಗಿರಿಸಬೇಕು.

ಈ ಅಳತೆಗೆ ಒಳಪಡಿಸಿದಾಗ ಕೆಲವು ಪರಿಷ್ಕರಣಗಳು ಉಜ್ಜ್ವಲವಾಗಿ ತೇರ್ಗಡೆಯಾಗುತ್ತವೆ. 2019ರ ಮಾರ್ಚಿನ ಜಿಟಿಎಕ್ಸ್ 1660ರಲ್ಲಿ 1408 ಕೋರುಗಳೂ ಸೆಕೆಂಡಿಗೆ 192 ಗಿಗಾಬೈಟಿನ ಮೆಮೊರಿಯ ಹರಿವೂ ಇದ್ದು ಬೆಲೆ 219 ಡಾಲರಾಗಿತ್ತು; ಅದಕ್ಕೆ ಮುನ್ನ ಫೆಬ್ರವರಿಯಲ್ಲಿ ಬಂದಿದ್ದ 1660 ಟಿಐಯಲ್ಲಿ 1536 ಕೋರುಗಳೂ 288 ಗಿಗಾಬೈಟಿನ ಹರಿವೂ ಇದ್ದು ಬೆಲೆ 279 ಡಾಲರಾಗಿತ್ತು. ಅಕ್ಟೋಬರ್ 29ರಂದು ಬಂದ 1660 ಸೂಪರ್ ಕೋರುಗಳನ್ನು 1408ರಲ್ಲಿಯೇ ಉಳಿಸಿಕೊಂಡು ಮೆಮೊರಿಯ ಹರಿವನ್ನು 336 ಗಿಗಾಬೈಟಿಗೆ, ಅಂದರೆ ಟಿಐಯನ್ನೂ ಮೀರುವಂತೆ, ಏರಿಸಿತು. ಬೆಲೆ 229 ಡಾಲರು. ಬೆಲೆಯಲ್ಲಿ ಶೇಕಡ 5ಕ್ಕೂ ಕಡಮೆ ಏರಿಕೆ, ಹರಿವಿನಲ್ಲಿ ಶೇಕಡ 75ರ ಏರಿಕೆ. ಪರೀಕ್ಷೆಗಳಲ್ಲಿ ಅದು 50 ಡಾಲರು ಹೆಚ್ಚಿನ ಟಿಐಯನ್ನು ಅತ್ಯಲ್ಪ ಅಂತರದಲ್ಲಿ ಹಿಂಬಾಲಿಸಿತಾಗಿ, ಕೆಲವೇ ತಿಂಗಳ ಹಿಂದೆ ಟಿಐಯನ್ನು ಕೊಂಡವರ ಆಯ್ಕೆಯನ್ನು ನಿರರ್ಥಕಗೊಳಿಸಿತೆನ್ನಬಹುದು. ಹಾಗೆಯೇ 2024ರ ಜನವರಿಯ ಆರ್‌ಟಿಎಕ್ಸ್ 4070 ಸೂಪರ್, ಮೂಲ 4070 ಬಿಡುಗಡೆಯಾದಾಗಿದ್ದ 599 ಡಾಲರಿನ ಬೆಲೆಯಲ್ಲಿಯೇ, 5888 ಕೋರುಗಳಿಗೆ ಬದಲು 7168 ಕೋರುಗಳನ್ನು ಕೊಟ್ಟಿತು. ವಿದ್ಯುತ್ತಿನ ವ್ಯಯವು 200ರಿಂದ 220 ವ್ಯಾಟಿಗೆ ಮಾತ್ರ ಏರಿತು, ಮತ್ತು ಮೂಲ ಕಾರ್ಡಿನ ಬೆಲೆ 549 ಡಾಲರಿಗೆ ಇಳಿಯಿತು.

ಬೇರೆ ಕೆಲವು ಪರಿಷ್ಕರಣಗಳಲ್ಲಿ ಪಡೆದುದಕ್ಕಿಂತ ತೆತ್ತುದೇ ಹೆಚ್ಚು. ಆರ್‌ಎಕ್ಸ್ 480, 580, 590 ಈ ಮೂರರಲ್ಲಿಯೂ 2304 ಗಣನಘಟಕಗಳೇ ಇದ್ದು, ಗರಿಷ್ಠ ವೇಗವು ಕ್ರಮವಾಗಿ 1266, 1340, 1545 ಮೆಗಾಹರ್ಟ್ಸ್ ಆಗಿಯೂ ವಿದ್ಯುತ್ತಿನ ವ್ಯಯವು 150, 185, 225 ವ್ಯಾಟ್ ಆಗಿಯೂ ಏರಿದುವು. ಮೊದಲನೆಯದರಿಂದ ಮೂರನೆಯದಕ್ಕೆ ವೇಗವು ಶೇಕಡ 22ರಷ್ಟು ಹೆಚ್ಚಿದರೆ ವಿದ್ಯುತ್ತಿನ ವ್ಯಯವು ಶೇಕಡ 50ರಷ್ಟು ಹೆಚ್ಚಿತು. 8 ಗಿಗಾಬೈಟಿನ 480ರ ಬೆಲೆ 239 ಡಾಲರಾಗಿದ್ದುದು, ಎರಡು ವರ್ಷಗಳ ಅನಂತರ ಬಂದ 590ರಲ್ಲಿ 279 ಡಾಲರಾಯಿತು.

ಪ್ರಕಟಿತ ವಿವರಗಳನ್ನು ನಂಬುವುದರಲ್ಲಿಯೂ ವಿವೇಚನೆ ಆವಶ್ಯಕ. 2014ರ ಜಿಟಿಎಕ್ಸ್ 970 ಕಾರ್ಡಿನ 4 ಗಿಗಾಬೈಟ್ ಮೆಮೊರಿಯಲ್ಲಿ 3.5 ಗಿಗಾಬೈಟ್ ಮಾತ್ರ ಪೂರ್ಣವೇಗದಲ್ಲಿ ನಡೆಯುತ್ತಿತ್ತೆಂಬುದು ಬಳಿಕ ಬಯಲಾಗಿ, ಅಮೆರಿಕದಲ್ಲಿ ದಾವೆ ಹೂಡಲ್ಪಟ್ಟು, 2016ರ ರಾಜಿಯಂತೆ ಪ್ರತಿ ಕಾರ್ಡಿಗೆ 30 ಡಾಲರು ಪರಿಹಾರ ನಿಗದಿಯಾಯಿತು.

ಕಾಲವೂ ಮೌಲ್ಯದ ಒಂದು ಅಂಗ. ಪರಿಷ್ಕೃತ ಕಾರ್ಡು ಪೀಳಿಗೆಯ ಉತ್ತರಾರ್ಧದಲ್ಲಿ ಬರುವುದರಿಂದ ಅದರ ಆಯುಷ್ಯವು ಮುಂದಿನ ಪೀಳಿಗೆಯ ನೆರಳಿನಲ್ಲಿಯೇ ಆರಂಭವಾಗುತ್ತದೆ. 2060 ಸೂಪರಿಗೆ ಇಟ್ಟ 399 ಡಾಲರಿನ ಬೆಲೆಗೇ 2020ರ ಡಿಸೆಂಬರಿನಲ್ಲಿ ಘೋಷಿತವಾದ ಆರ್‌ಟಿಎಕ್ಸ್ 3060 ಟಿಐ, ಹಿಂದಿನ ಪೀಳಿಗೆಯಲ್ಲಿ 699 ಡಾಲರಿನದಾಗಿದ್ದ 2080 ಸೂಪರಿಗೆ ಸರಿದೊರೆಯಾಗಿತ್ತು. ಆದರೆ ಅದೇ ಸಮಯದಲ್ಲಿ ಚಿಪ್‌ಗಳ ಅಭಾವವೂ ಕ್ರಿಪ್ಟೋ ಹಣದ ಗಣಿಗಾರಿಕೆಗಾಗಿ ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಳ್ಳುವವರ ಪೈಪೋಟಿಯೂ ಕೂಡಿಬಂದು ಘೋಷಿತ ಬೆಲೆಗೆ ಕಾರ್ಡು ದೊರೆಯುವುದೇ ದುಸ್ತರವಾಯಿತಾದುದರಿಂದ, ಒಳ್ಳೆಯದಕ್ಕಾಗಿ ಕಾದವನಿಗಿಂತ ಇದ್ದುದನ್ನು ಕೊಂಡವನೇ ಲಾಭ ಪಡೆದ ಸಂದರ್ಭವೂ ಒದಗಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಹಣದ ಜಾಲವು ಗಣಿಗಾರಿಕೆಯ ಪದ್ಧತಿಯನ್ನು ತ್ಯಜಿಸಿದ ಮೇಲೆ ಈ ಪೈಪೋಟಿ ಅಡಗಿ, ಗಣಿಗಾರರು ಬಳಸಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಇಳಿದುವು.

ಕರ್ನಾಟಕದಲ್ಲಿ

ಈ ಚಿಪ್‌ಗಳ ವಿನ್ಯಾಸಕ್ಕೂ ಕರ್ನಾಟಕಕ್ಕೂ ನಿಕಟ ಸಂಬಂಧವುಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದಂದಿನಿಂದ ಬೆಳೆದುಬಂದ ಪರಂಪರೆಯಲ್ಲಿ ಎನ್ವಿಡಿಯ, ಎಎಂಡಿ, ಇಂಟೆಲ್ ಮೂರೂ ಅಲ್ಲಿ ತಂತ್ರಜ್ಞರ ಕೇಂದ್ರಗಳನ್ನು ಹೊಂದಿವೆ. 2023ರ ಜುಲೈಯಲ್ಲಿ ಐದು ವರ್ಷಗಳ ಅವಧಿಯಲ್ಲಿ ಭಾರತದಲ್ಲಿ 40 ಕೋಟಿ ಡಾಲರು ತೊಡಗಿಸುವುದಾಗಿ ಘೋಷಿಸಿದ ಎಎಂಡಿ, ಅದೇ ವರ್ಷದ ನವೆಂಬರಿನಲ್ಲಿ ಟೆಕ್ನೋಸ್ಟಾರ್ ಎಂಬ ವಿಸ್ತಾರವಾದ ಆವರಣವನ್ನು ಬೆಂಗಳೂರಿನಲ್ಲಿ ತೆರೆಯಿತು. ವಿನ್ಯಾಸದ ಗಣನೀಯ ಭಾಗ ಇಲ್ಲಿ ನಡೆದರೂ ಚಿಪ್ಪಿನ ತಯಾರಿಕೆ ತೈವಾನ್ ಮೊದಲಾದೆಡೆ ನಡೆಯುವುದರಿಂದ ಕನ್ನಡಿಗ ಗ್ರಾಹಕನಿಗೆ ಕಾರ್ಡು ಆಮದಾದ ಸರಕಾಗಿಯೇ ತಲುಪುತ್ತದೆ.

ಅಮೆರಿಕದಲ್ಲಿ ಘೋಷಿಸುವ ಬೆಲೆಯು ತೆರಿಗೆಯನ್ನು ಒಳಗೊಂಡುದಲ್ಲ. ಭಾರತದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡುದು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಪದ್ಧತಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಶೇಕಡ 18ರ ತೆರಿಗೆಯಿದೆ. 229 ಡಾಲರಿನ 1660 ಸೂಪರನ್ನು, ಅದು ಬಂದ ಕಾಲದ ದರದಲ್ಲಿ, ಡಾಲರಿಗೆ 71 ರೂಪಾಯಿಯಂತೆ ಲೆಕ್ಕಹಾಕಿದರೆ 16,259 ರೂಪಾಯಿ. ತೆರಿಗೆಯನ್ನು ಸೇರಿಸಿದರೆ ಸುಮಾರು 19,186 ರೂಪಾಯಿ. ಇದರ ಮೇಲೆ ಸಾಗಣೆಯೂ ವಿತರಕನ ಮತ್ತು ಅಂಗಡಿಯವನ ಲಾಭವೂ ಸೇರುತ್ತವೆ. ಅಮೆರಿಕದಲ್ಲಿ 10 ಡಾಲರಿನ ಅಂತರವಿರುವ ಎರಡು ಕಾರ್ಡುಗಳು ಇಲ್ಲಿ ದಾಸ್ತಾನಿಗನುಗುಣವಾಗಿ ಒಂದೇ ಬೆಲೆಗೋ ಸಾವಿರಾರು ರೂಪಾಯಿಗಳ ಅಂತರಕ್ಕೋ ಮಾರಲ್ಪಡಬಹುದಾದುದರಿಂದ, ವಿದೇಶದ ಮೌಲ್ಯನಿರ್ಣಯವನ್ನು ಯಥಾವತ್ತಾಗಿ ಸ್ವೀಕರಿಸುವುದು ಉಚಿತವಲ್ಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ಗಣಕದ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದುದು. ಹೊಸದೂ ಹಳೆಯದೂ ಅಲ್ಲಿ ದೊರೆಯುತ್ತವೆ. ಹಳೆಯ ಕಾರ್ಡಿನ ಬಯಾಸನ್ನು ತಿದ್ದಿ ಹೊಸ ಹೆಸರನ್ನು ತೋರಿಸುವಂತೆ ಮಾಡಿದ ಖೋಟಾ ಸರಕು ಲೋಕದ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗಳಲ್ಲಿ ಕಂಡುಬಂದಿರುವುದರಿಂದ, ಜಿಪಿಯು-ಝಡ್‌ನಂತಹ ತಂತ್ರಾಂಶದಿಂದ ಚಿಪ್ಪಿನ ನಿಜಸ್ವರೂಪವನ್ನು ಪರಿಶೀಲಿಸಿಕೊಂಡು ಕೊಳ್ಳುವುದು ಕ್ಷೇಮ.

ಪೇಟೆಯಿಂದ ದೂರವಾದ ಊರುಗಳಲ್ಲಿ ಮೌಲ್ಯದ ಲೆಕ್ಕಕ್ಕೆ ಇನ್ನೂ ಕೆಲವು ಅಂಶಗಳು ಸೇರುತ್ತವೆ. ಕೊಡಗಿನಲ್ಲಿ ಕಾವೇರಿಯ ದಂಡೆಯ ಮೇಲೆ, ಸಿದ್ದಾಪುರಕ್ಕೆ ನೆರೆಯದಾಗಿ, ಕಾಫಿ ಮತ್ತು ಕರಿಮೆಣಸಿನ ತೋಟಗಳ ನಡುವೆ ಇರುವ ನೆಲ್ಯಹುದಿಕೇರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜಿಲ್ಲೆಗೆ ರೈಲುಮಾರ್ಗವಿಲ್ಲ, ಸರಕು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ರಸ್ತೆಯ ಮೂಲಕವೇ ಬರಬೇಕು, ಕೆಟ್ಟ ಕಾರ್ಡು ವಾರಂಟಿಗಾಗಿ ಅದೇ ರಸ್ತೆಯಲ್ಲಿ ಹಿಂದಿರುಗಬೇಕು. ಮಳೆಗಾಲದಲ್ಲಿ ಮರಗಳು ತಂತಿಯ ಮೇಲುರುಳಿ ವಿದ್ಯುತ್ತು ನಿಲ್ಲುವುದು ಸಾಮಾನ್ಯ. 2019ರ ಆಗಸ್ಟಿನಲ್ಲಿ ನದಿಯು ಉಕ್ಕಿ ಈ ಊರಿನ ದಂಡೆಯ ಅನೇಕ ಮನೆಗಳನ್ನೇ ನಾಶಮಾಡಿತು. ಇಂತಹ ಸ್ಥಳದಲ್ಲಿ ಯುಪಿಎಸ್ ಇಲ್ಲದೆ ಗಣಕವನ್ನು ನಡೆಸುವುದು ಕಷ್ಟ. ಸಾಮಾನ್ಯವಾದ 600 ವಿಎ ಯುಪಿಎಸ್‌ಗಳ ನೈಜ ಶಕ್ತಿ ಬಹುಮಟ್ಟಿಗೆ 360 ವ್ಯಾಟಿನ ಆಸುಪಾಸಿನಲ್ಲಿರುವುದರಿಂದ, 125 ವ್ಯಾಟಿನ 1660 ಸೂಪರನ್ನು ಪ್ರೊಸೆಸರು ಮತ್ತು ಪರದೆಯೊಡನೆ ಅದು ಹೊತ್ತೀತು. 225 ವ್ಯಾಟಿನ ಆರ್‌ಎಕ್ಸ್ 590ಕ್ಕೆ ಅದೇ ಯುಪಿಎಸ್ ಸಾಲದೆ, ದೊಡ್ಡ ಯುಪಿಎಸ್ಸಿನ ಬೆಲೆಯನ್ನೂ ಕಾರ್ಡಿನ ಬೆಲೆಗೆ ಕೂಡಿಸಬೇಕಾಗುತ್ತದೆ. ಆದಕಾರಣ ಇಂತಹ ಊರಿನ ಗ್ರಾಹಕನು ಪೆಟ್ಟಿಗೆಯ ಮೇಲಿನ ಪ್ರತ್ಯಯಕ್ಕಿಂತ ಮೊದಲು ನೋಡಬೇಕಾದವು ವ್ಯಾಟುಗಳ ಸಂಖ್ಯೆ, ಮೆಮೊರಿಯ ಪ್ರಮಾಣ ಮತ್ತು ಅದರ ಹಾದಿಯ ಅಗಲ, ವಾರಂಟಿಯ ಅವಧಿ. ಈ ನಾಲ್ಕೂ ಸಮನಾಗಿರುವ ಎರಡು ಕಾರ್ಡುಗಳು ಎದುರಾದಾಗ ಕೋರುಗಳ ಸಂಖ್ಯೆಯನ್ನೂ ಬೆಲೆಯನ್ನೂ ತೂಗಿ ನೋಡಿದರೆ ಸಾಕು, ಹೆಸರನ್ನು ವಿಚಾರಿಸಬೇಕಾದ ಪ್ರಮೇಯವೇ ಬರುವುದಿಲ್ಲ.